ಹಗುರವಾದ, ಅಗ್ಗದ ಸ್ಪೋರ್ಟ್ಸ್ ಕಾರು ಮತ್ತೆ ಬರುತ್ತದೆಯೇ? ಓಮ್ನಿಯ ಸೀಟು ಎತ್ತಿ ನೋಡಿ

[ಪರದೆಯಲ್ಲಿ: ಮುಳ್ಳೇರಿಯ ಪೇಟೆ, ಜಡಿಮಳೆ, ರಸ್ತೆಬದಿಯಲ್ಲಿ ಸಾಲಾಗಿ ನಿಂತ ಮಾರುತಿ ಓಮ್ನಿ ವ್ಯಾನುಗಳು]

ನಮಸ್ಕಾರ. ದುಬೈಯಲ್ಲಿ ಕೆಲಸದಲ್ಲಿರುವ, ನಮ್ಮ ಕಾಸರಗೋಡು ಜಿಲ್ಲೆಯ ಬಂದ್ಯೋಡಿನ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಣ್ಣಾ, ಇಲ್ಲಿ ಸಿಗ್ನಲಿನಲ್ಲಿ ಟೊಯೋಟ 86 ಪಕ್ಕಕ್ಕೆ ಬಂದು ನಿಂತರೆ ಹೊಟ್ಟೆ ಉರಿಯುತ್ತದೆ. ಎರಡು ಬಾಗಿಲು, ಹಗುರ ಮೈ, ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ, ಬೆಲೆಯೂ ಆಕಾಶದಲ್ಲಿಲ್ಲ. ಇಂಥ ಕಾರುಗಳ ಕಾಲ ಮತ್ತೆ ಬರುತ್ತದೆಯೇ? ಊರಿನ ಶೋರೂಮಿನಲ್ಲಿ ಎಂದಾದರೂ ಸಿಗುತ್ತದೆಯೇ?"

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸದ್ಯಕ್ಕೆ ಇಲ್ಲ. ಮೊದಲನೆಯದು ಸ್ವಲ್ಪ ತಮಾಷೆಯದು. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರು ವಿದ್ಯುತ್ ಕಾರಿನ ರೂಪದಲ್ಲಿ ಆಗಲೇ ಮರಳಿ ಬಂದಿದೆ. ಮರಳದೆ ಉಳಿದಿರುವುದು ಹಗುರತನ. ಈ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ಹಳೆಯ ಕಥೆಯನ್ನು ಓಡಿಸಿಬಿಡೋಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ ಮೂರಕ್ಕೂ ಹಿಂದಿನ ಚಕ್ರವೇ ದುಡಿಯುತ್ತಿತ್ತು. 1959ರಲ್ಲಿ ಬ್ರಿಟನ್ನಿನ ಮಿನಿ ಎಂಜಿನ್ನನ್ನು ಅಡ್ಡಲಾಗಿ ಇಟ್ಟು ಮುಂದಿನ ಚಕ್ರಕ್ಕೆ ಜೋಡಿಸಿತು. ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬೇಡ, ಅದನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಹಿಂದೆ ಬೇಡ, ಕಾಲಿಗೆ ಅಡ್ಡ ಬರುವ ಉಬ್ಬು ಬೇಡ, ಖರ್ಚೂ ಕಡಿಮೆ. 1983ರಲ್ಲಿ ಮಾರುತಿ 800 ಅದನ್ನೇ ನಮ್ಮ ಅಂಗಳಕ್ಕೆ ತಂದಿತು. ಅದೇ ವರ್ಷ ಜಪಾನಿನಲ್ಲಿ ಟೊಯೋಟ ತನ್ನ ಕೊರೊಲಾ ಸಾಲನ್ನು ಮುಂದಿನ ಚಕ್ರಕ್ಕೆ ಬದಲಿಸುತ್ತಾ, ಎಇ86 ಎಂಬ ಎರಡು ಬಾಗಿಲಿನ ಕೂಪೆಯನ್ನು ಹಳೆಯ ಕ್ರಮದಲ್ಲೇ ಬಿಟ್ಟಿತು. ಸಾವಿರ ಕಿಲೋಗಿಂತ ಕಡಿಮೆ ತೂಕ, 1.6 ಲೀಟರ್ ಎಂಜಿನ್. ನಮ್ಮ ವೀಕ್ಷಕರ ಹೊಟ್ಟೆ ಉರಿಸಿದ ಕಾರಿನ ಹೆಸರಿನಲ್ಲಿರುವ 86 ಬಂದದ್ದು ಅದರಿಂದಲೇ.

ಹಿಂದಿನ ಚಕ್ರವೇ ಯಾಕೆ ಬೇಕು? ಟೈರಿನ ಹಿಡಿತ ತಿಂಗಳ ಸಂಬಳ ಇದ್ದಂತೆ. ಮುಂದಿನ ಚಕ್ರವೇ ಎಳೆಯಬೇಕು, ಅದೇ ತಿರುಗಲೂ ಬೇಕು ಎಂದರೆ, ಎಳೆಯುವುದಕ್ಕೆ ಖರ್ಚಾದಷ್ಟು ತಿರುಗುವುದಕ್ಕೆ ಕೊರತೆ. ಹಿಂದಿನ ಚಕ್ರ ದೂಡುವ ಕೆಲಸ ವಹಿಸಿಕೊಂಡರೆ ಮುಂದಿನದು ತಿರುವನ್ನಷ್ಟೇ ನೋಡಿಕೊಳ್ಳುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಅದು ಅಂಗೈಯಲ್ಲೇ ತಿಳಿಯುತ್ತದೆ.

[ಪರದೆಯಲ್ಲಿ: ಓಮ್ನಿಯ ಮುಂದಿನ ಸೀಟನ್ನು ಹಿಂದಕ್ಕೆ ಮಡಚುವ ಕೈ, ಕೆಳಗೆ ಎಂಜಿನ್]

ಈಗ ನನಗೆ ಪ್ರಿಯವಾದ ಭಾಗ. ಕೆಲವರು ಇಲ್ಲಿ ವಿಡಿಯೋ ಮುಚ್ಚುತ್ತೀರಿ, ಗೊತ್ತು. ಆದರೂ ಸೀಟು ಎತ್ತುತ್ತೇನೆ.

ಎಂಜಿನ್ ಇಲ್ಲಿದೆ ನೋಡಿ, ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದೆ, ಚಾಲಕನ ಪೃಷ್ಠದ ಕೆಳಗೆ. ಮೇ ತಿಂಗಳಿನಲ್ಲಿ ಬದಿಯಡ್ಕದಿಂದ ಕುಂಬಳೆಗೆ ಹೋಗಿಬಂದವರಿಗೆ ಅದು ಎಲ್ಲಿದೆ ಎಂದು ತೋರಿಸಿಕೊಡುವ ಅಗತ್ಯವೇ ಇಲ್ಲ. ಅಲ್ಲಿಂದ ಶಾಫ್ಟ್ ಹಿಂದಕ್ಕೆ ಹೋಗಿ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ತೂಕ 800 ಕಿಲೋ ಆಸುಪಾಸು, ಗೇರು ಕೈಯಲ್ಲೇ ಹಾಕಬೇಕು. ಎರಡು ಅಚ್ಚುಗಳ ನಡುವೆ ಎಂಜಿನ್, ಹಿಂಚಕ್ರ ಚಾಲನೆ, ಹಗುರ ಮೈ: ಈ ಮೂರನ್ನು ಒಂದು ಕಾಗದದಲ್ಲಿ ಬರೆದು ಇಟಲಿಗೆ ಕಳುಹಿಸಿದರೆ ಅವರು ಕೆಂಪು ಬಣ್ಣ ಬಳಿದು ಕೋಟಿ ರೂಪಾಯಿ ಕೇಳುತ್ತಾರೆ. ನಾವು ಅದರಲ್ಲಿ ಮೀನು, ಅಡಿಕೆ ಗೋಣಿ, ಶಾಲೆಯ ಮಕ್ಕಳು, ಮದುವೆಯ ಪಾತ್ರೆ ಎಲ್ಲವನ್ನೂ ಸಾಗಿಸಿದೆವು.

ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಓಮ್ನಿಯ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಸುಜುಕಿಯ ಎಫ್ ಕುಟುಂಬದ್ದು, ಎಫ್8ಬಿ. ಅದೇ ಕುಟುಂಬದ ಎಫ್6ಎ ಎಂಬ 657 ಸಿಸಿಯ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಟರ್ಬೊ ಕಟ್ಟಿ, 1991ರಲ್ಲಿ ಸುಜುಕಿ ಒಂದು ಪುಟ್ಟ ಸ್ಪೋರ್ಟ್ಸ್ ಕಾರಿಗೆ ಹಾಕಿತು. ಹೆಸರು ಕ್ಯಾಪುಚ್ಚಿನೊ. ಇಬ್ಬರೇ ಕೂರುವ ಕಾರು, 64 ಅಶ್ವಶಕ್ತಿ, ತೂಕ 700 ಕಿಲೋ ಆಸುಪಾಸು, ಹಿಂಚಕ್ರ ಚಾಲನೆ, ಉದ್ದ 3.3 ಮೀಟರ್, ಅಂದರೆ ಓಮ್ನಿಗಿಂತಲೂ ಗಿಡ್ಡ. ನಮ್ಮೂರಿನ ಮೀನಿನ ವ್ಯಾನಿಗೆ ಜಪಾನಿನಲ್ಲಿ ಇಂಥ ದಾಯಾದಿ ಇದ್ದ ಎಂದು ಕಲ್ಪಿಸಿಕೊಂಡರೆ ನನಗೆ ಇಂದಿಗೂ ನಗು ಬರುತ್ತದೆ.

[ಪರದೆಯಲ್ಲಿ: ಮುರಕಲ್ಲಿನ ಏರು, ಕೆಂಪು ನೀರು, ತಿರುಗುತ್ತಿರುವ ಹಿಂದಿನ ಚಕ್ರ]

ಓಮ್ನಿ ಸ್ಪೋರ್ಟ್ಸ್ ಕಾರು ಎಂದು ನಾನು ಹೇಳುತ್ತಿಲ್ಲ. ಅದು ಎತ್ತರದ ತಗಡಿನ ಪೆಟ್ಟಿಗೆ. ತಿರುವಿನಲ್ಲಿ ಪ್ರಯೋಗ ಮಾಡಲು ಹೊರಡಬೇಡಿ. ಆದರೆ ಹಿಂಚಕ್ರ ಚಾಲನೆಯ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಮಳೆಗಾಲದಲ್ಲಿ ತೋಟದ ಮನೆಯ ಏರಿನಲ್ಲಿ ಖಾಲಿ ಓಮ್ನಿ ಹತ್ತಿಸುವಾಗ ಏನಾಗುತ್ತದೆ? ಎಂಜಿನ್ನಿನ ಭಾರವೂ ಚಾಲಕನ ಭಾರವೂ ಮುಂದಿರುವುದರಿಂದ ಹಿಂದಿನ ಚಕ್ರ ಸುಮ್ಮನೆ ತಿರುಗಿ ಕೆಸರು ಎರಚುತ್ತದೆ, ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಆಗ ಚಾಲಕ ಕಿಟಕಿಯಿಂದ ತಲೆ ಹಾಕಿ, "ಇಬ್ಬರು ಹಿಂದೆ ಕುಳಿತುಕೊಳ್ಳಿ ಮಾರಾಯರೇ" ಎನ್ನುತ್ತಾನೆ. ಇಬ್ಬರು ಕುಳಿತರೆ, ಅಥವಾ ಎರಡು ಗೋಣಿ ಅಡಿಕೆ ಹಾಕಿದರೆ, ಅದೇ ಗಾಡಿ ಅದೇ ಏರನ್ನು ಸದ್ದಿಲ್ಲದೆ ಹತ್ತುತ್ತದೆ. ಚಕ್ರದ ಮೇಲೆ ಭಾರ ಬಿದ್ದಷ್ಟೂ ಹಿಡಿತ. ಜಪಾನಿನ ಮಾಜ್ದಾ ತನ್ನ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಸಮ ತೂಕ ಹಂಚಲು ಹೆಣಗುವುದು ಇದೇ ಕಾರಣಕ್ಕೆ. ಅವರಿಗೆ ಅಡಿಕೆ ಗೋಣಿಯ ಅನುಕೂಲವಿಲ್ಲ.

ಓಮ್ನಿ 2019ರಲ್ಲಿ ನಿಂತಿತು. 2010ರಿಂದ ಇರುವ ಈಕೋ ಇನ್ನೂ ಮಾರಾಟದಲ್ಲಿದೆ: ಸೀಟಿನ ಕೆಳಗೆ 1.2 ಲೀಟರ್ ಎಂಜಿನ್, ಹಿಂಚಕ್ರ ಚಾಲನೆ, ಪೆಟ್ರೋಲ್ ಮಾದರಿ ಸಾವಿರ ಕಿಲೋ ಒಳಗೆ. ಅಗ್ಗದ, ಹಗುರ, ಹಿಂಚಕ್ರದ ಗಾಡಿ ಭಾರತದಲ್ಲಿ ಮಾಡಲಾಗದು ಎನ್ನುವವರಿಗೆ ಅದನ್ನು ತೋರಿಸಿ. ತಂತ್ರಜ್ಞಾನವೂ ಇದೆ, ಕಾರ್ಖಾನೆಯೂ ಇದೆ. ಹಾಗಾದರೆ ತೊಡಕು ಎಲ್ಲಿ?

ಒಂದು, ನಿಯಮ. 2012ರಲ್ಲಿ ಟೊಯೋಟ ಮತ್ತು ಸುಬಾರು ಖರ್ಚು ಹಂಚಿಕೊಂಡು ಅವಳಿ ಕಾರುಗಳಾದ 86 ಹಾಗೂ ಬಿಆರ್‌ಝಡ್ ತಂದವು. ಒಬ್ಬರೇ ಮಾಡಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಎರಡನೆಯ ತಲೆಮಾರಿನ ಜಿಆರ್86 ಯುರೋಪಿನಲ್ಲಿ ಎರಡೇ ವರ್ಷ ಮಾರಾಟವಾಯಿತು. 2024ರ ಜುಲೈಯಿಂದ ಅಲ್ಲಿ ಹೊಸ ಕಾರುಗಳಿಗೆ ವೇಗದ ಎಚ್ಚರಿಕೆ, ತೂಕಡಿಕೆಯ ಎಚ್ಚರಿಕೆ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲ ಕಡ್ಡಾಯವಾದವು. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಮಾರುವ ಕಾರಿಗೆ ಅವನ್ನೆಲ್ಲ ಕೂರಿಸುವುದಕ್ಕಿಂತ ಅಂಗಡಿ ಮುಚ್ಚುವುದೇ ಲಾಭ ಎಂದಾಯಿತು. ಸುರಕ್ಷತೆಯ ನಿಯಮವನ್ನು ಬೈಯುವ ಉತ್ಸಾಹ ನನಗಿಲ್ಲ. ತಲಪಾಡಿಯಿಂದ ಚೆರ್ಕಳದವರೆಗೆ ಹೆದ್ದಾರಿಯಲ್ಲಿ ಒಮ್ಮೆ ಓಡಿಸಿ, ನಿಮಗೂ ಇರುವುದಿಲ್ಲ. ಆದರೆ ಪ್ರತಿ ಸಾಧನಕ್ಕೂ ತೂಕವಿದೆ, ಬೆಲೆಯಿದೆ. 1989ರ ಎಂಎಕ್ಸ್-5 ತೂಗುತ್ತಿದ್ದುದು 940 ಕಿಲೋ. 2015ರಲ್ಲಿ ಜಪಾನಿನಲ್ಲಿ ಬಂದ ಅತಿ ಸರಳ ಮಾದರಿ 990 ಕಿಲೋ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಬರೇ ಐವತ್ತು ಕಿಲೋ ಏರಿಕೆ. ಇಷ್ಟು ಹಟಮಾರಿತನ ಇರುವ ಇನ್ನೊಂದು ಕಂಪೆನಿಯನ್ನು ನಾನು ಕಂಡಿಲ್ಲ.

ಎರಡು, ತೆರಿಗೆ. ನಮ್ಮಲ್ಲಿ ಸಣ್ಣ ಕಾರಿನ ರಿಯಾಯಿತಿಗೆ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. 2025ರ ಸೆಪ್ಟೆಂಬರಿನಿಂದ ಒಳಗಿದ್ದವರಿಗೆ ಜಿಎಸ್‌ಟಿ ನೂರಕ್ಕೆ 18, ಹೊರಗಿದ್ದವರಿಗೆ 40. ಎಂಎಕ್ಸ್-5ರ ಉದ್ದ 3.9 ಮೀಟರ್, ಅದರಲ್ಲಿ ಪಾಸು! ಎಂಜಿನ್ 1.5 ಲೀಟರ್, ಫೇಲು. ಹೊರದೇಶದಿಂದ ತಂದರೆ ಸುಂಕ ಬೇರೆ. ಕೇರಳದ ರಸ್ತೆ ತೆರಿಗೆಯ ಬಗ್ಗೆ ನಾನು ಬಾಯಿ ಬಿಡುವುದಿಲ್ಲ, ಮನೆಯವರೂ ಈ ವಿಡಿಯೋ ನೋಡುತ್ತಾರೆ. ದುಬೈಯಲ್ಲಿ ಕೊಂಡದ್ದನ್ನೇ ಹೊತ್ತು ತರೋಣ ಎಂದರೆ ಅದರ ಸ್ಟಿಯರಿಂಗ್ ಎಡಕ್ಕೆ. ಕಾರ್ನೆ ಎಂಬ ತಾತ್ಕಾಲಿಕ ಆಮದಿನ ಕಾಗದದ ಮೇಲೆ ತಂದು ಕೆಲವು ತಿಂಗಳು ಓಡಿಸಿ ಹಿಂದಕ್ಕೆ ಕಳುಹಿಸಬೇಕು.

ಮೂರು, ನಾವು. ಇಂಥ ಕಾರಿನ ವಿಡಿಯೋಗೆ ಲೈಕ್ ಒತ್ತುವವರು ಲೆಕ್ಕವಿಲ್ಲದಷ್ಟು, ಬುಕಿಂಗ್ ಮಾಡುವವರು ಬೆರಳೆಣಿಕೆ. ತೊಂಬತ್ತರ ದಶಕದ ಕೊನೆಗೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರ ಕಾರು ತಯಾರಾಯಿತು, ಫೈಬರ್ ಮೈ, 1.2 ಲೀಟರ್ ಎಂಜಿನ್. ಮುಂದಿನ ಚಕ್ರದ ಚಾಲನೆ, ಇರಲಿ. ನೀವು ಅದನ್ನು ರಸ್ತೆಯಲ್ಲಿ ಕೊನೆಯ ಬಾರಿ ಕಂಡದ್ದು ಯಾವಾಗ? ಹತ್ತು ಹದಿನೈದು ಲಕ್ಷ ಕೈಯಲ್ಲಿ ಇರುವವನು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲಾಗದ ಕಾರನ್ನು ಕೊಳ್ಳುವುದಿಲ್ಲ. ಕೊಂಡರೆ ಅಜ್ಜಿ ಸುಮ್ಮನಿರುವುದಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಕಟ್ಟುತ್ತೇನೆ. ವಿದ್ಯುತ್ ಕಾರುಗಳಲ್ಲಿ ಮೋಟಾರನ್ನು ಹಿಂದೆ ಇಡುವುದು ಸುಲಭ, ಶಾಫ್ಟ್ ಬೇಡ. ಮಹೀಂದ್ರದ ಬಿಇ 6 ಹಿಂಚಕ್ರದ್ದು, ಪುಟಾಣಿ ಎಂಜಿ ಕಾಮೆಟ್ ಕೂಡ ಹಿಂಚಕ್ರದ್ದೇ. ಆದರೆ ದೂರ ಓಡಬೇಕೆಂದರೆ ಬ್ಯಾಟರಿಯೇ ನೂರಾರು ಕಿಲೋ. ಕಾಮೆಟ್ ಹಗುರ, ಆದರೆ ಅದರ ಶಕ್ತಿ 42 ಅಶ್ವಶಕ್ತಿ. ಅದು ಪೇಟೆಗೆ ಹೋಗಿ ಬರಲು ಸರಿ. ಹೋಂಡಾ ಪ್ರಿಲ್ಯೂಡ್ 2025ರಲ್ಲಿ ಮರಳಿತು, ಅದು ಮುಂದಿನ ಚಕ್ರದ ಹೈಬ್ರಿಡ್. ಟೊಯೋಟ 2015ರಲ್ಲಿ ಎಸ್-ಎಫ್ಆರ್ ಎಂಬ ಮುದ್ದಾದ ಮಾದರಿಯನ್ನು ತೋರಿಸಿ ಮಡಚಿಟ್ಟಿತು.

ನಾನು ಕಣ್ಣಿಟ್ಟಿರುವುದು ಜಪಾನಿನ ಡೈಹಾಟ್ಸು ಕಂಪೆನಿಯ ಮೇಲೆ. 2023ರ ಟೋಕಿಯೊ ಕಾರು ಪ್ರದರ್ಶನದಲ್ಲಿ ಅದು ವಿಷನ್ ಕೋಪೆನ್ ಎಂಬ ಮಾದರಿಯನ್ನು ತೋರಿಸಿತು: ಉದ್ದ 3.8 ಮೀಟರ್ ಆಸುಪಾಸು, 1.3 ಲೀಟರ್ ಎಂಜಿನ್, ಹಿಂಚಕ್ರ ಚಾಲನೆ. ಡೈಹಾಟ್ಸು ಟೊಯೋಟದ ಕೈಯಲ್ಲಿದೆ, ಸುಜುಕಿಯಲ್ಲೂ ಟೊಯೋಟಕ್ಕೆ ಪಾಲಿದೆ, ಮಾರುತಿ ಸುಜುಕಿಯದು. ನಂಟಸ್ತನದ ಲೆಕ್ಕದಲ್ಲಿ ದಾರಿ ಇದೆ. ಆದರೆ ಎಂಜಿನ್ ನೋಡಿ, ನಮ್ಮ 1200ರ ಗೆರೆಗಿಂತ ನೂರು ಸಿಸಿ ಜಾಸ್ತಿ. ಡೈಹಾಟ್ಸುವಿನವರು ಯಾರಾದರೂ ಕನ್ನಡ ವಿಡಿಯೋ ನೋಡುತ್ತಿದ್ದರೆ, ದಯವಿಟ್ಟು ಸಿಲಿಂಡರನ್ನು ಒಂದಿಷ್ಟು ಸಣ್ಣದು ಮಾಡಿ.