ಲ್ಯಾಮಿಂಗ್ಟನ್ ರೋಡಿಗೆ ಅಡುಗೆಮನೆ ತಕ್ಕಡಿ ತೆಗೆದುಕೊಂಡು ಹೋದೆ

ಬ್ಯಾಗಿನೊಳಗೆ ಕಾಣುತ್ತಿದೆಯಲ್ಲ, ಅದು ನಮ್ಮ ಅಡುಗೆಮನೆಯ ತಕ್ಕಡಿ. ಅಮ್ಮ ಹಿಟ್ಟು ತೂಗುವುದು ಇದರಲ್ಲೇ. ಐದು ಕಿಲೋವರೆಗೆ ಸರಿಯಾಗಿ ತೋರಿಸುತ್ತದೆ. ಇವತ್ತು ಲ್ಯಾಪ್‌ಟಾಪ್ ಕೊಳ್ಳಲು ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೊರಟಿದ್ದೇನೆ, ಇದೂ ಜೊತೆಗೆ ಬರುತ್ತಿದೆ.

ಎಲ್ಲರಿಗೂ ನಮಸ್ಕಾರ, ಡೊಂಬಿವಲಿಯಿಂದ. ಲೋಕಲ್ ರೈಲು ಗಾಡಿ ಹತ್ತುವಾಗ ಕ್ಯಾಮೆರಾ ಬಂದ್ ಮಾಡಿದ್ದೆ, ಅಲ್ಲಿ ಎರಡೂ ಕೈ ಬೇಕು. ಈಗ ಕಾಣುತ್ತಿರುವುದು ಲೇಡಿಸ್ ಡಬ್ಬದ ಕಿಟಕಿ. ಬೇರೆಯವರ ಮುಖ ಬೀಳಬಾರದು ಅಂತ ಹೊರಗಡೆಯೇ ತೋರಿಸುತ್ತಿದ್ದೇನೆ. ದಾದರ್ ಬರುವಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ.

ನನ್ನ ಲ್ಯಾಪ್‌ಟಾಪ್ 2016ರದ್ದು. 15.6 ಇಂಚಿನ ಪರದೆ. ನಿನ್ನೆ ರಾತ್ರಿ ತೂಗಿದೆ, 2 ಕಿಲೋ 240 ಗ್ರಾಂ. ಚಾರ್ಜರ್ 430 ಗ್ರಾಂ. ಸೇರಿಸಿದರೆ 2 ಕಿಲೋ 670. ವಾರಕ್ಕೆ ನಾಲ್ಕು ದಿನ ಇದನ್ನು ಹೊತ್ತು ಲೋವರ್ ಪರೇಲ್‌ಗೆ ಹೋಗುತ್ತೇನೆ. ಸಬ್‌ಟೈಟಲ್ ಕೆಲಸ. ಒಂದೊಂದು ದಿನ ಗಾಡಿಯಲ್ಲಿ ಮುಕ್ಕಾಲು ಗಂಟೆ ನಿಂತೇ ಇರಬೇಕು. ಬಲ ಭುಜ ಈಗ ಮಲಗಿದಾಗಲೂ ನೋಯುತ್ತದೆ. ಅದಕ್ಕೇ ಹಗುರದ್ದು ಬೇಕು. ಗಮನಿಸಿ, ಹಗುರ ಅಂದೆ. ತೆಳುವಾದದ್ದು ಅನ್ನಲಿಲ್ಲ. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಅನ್ನುವಂತೆ ತೋರಿಸುತ್ತಾರೆ. ಒಂದೂವರೆ ಸೆಂಟಿಮೀಟರ್ ದಪ್ಪ ಇದ್ದರೂ ಎರಡು ಕಿಲೋ ತೂಗುವ ಮೆಷಿನ್‌ಗಳಿವೆ. ತೆಳು ಅನ್ನುವುದು ಸುಮ್ನೆ ನೋಟಕ್ಕೆ. ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ.

ದಾದರ್ ಬಂತು. ಸೇತುವೆ ದಾಟುವುದು ನೀವು ನೋಡಿಯೇ ಇದ್ದೀರಿ.

ಬಿಳಿ ಶರ್ಟಿನಲ್ಲಿ ಕೈ ಬೀಸುತ್ತಿರುವವರು ನಮ್ಮ ದೊಡ್ಡಪ್ಪ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಈಗ ಸಾಯನ್ ಹತ್ತಿರ ಅವರದ್ದೇ ಸಣ್ಣ ಹೋಟೆಲಿದೆ. ಮುಂಬಯಿಗೆ ಹೀಗೆ ಬಂದು ಓದಿದವರು ಎಷ್ಟು ಜನ! ಆ ಶಾಲೆಗಳ ಬಗ್ಗೆ ಬೇರೆ ವಿಡಿಯೋನೇ ಮಾಡಬೇಕು, ದೊಡ್ಡಪ್ಪನಂಥವರು ಇರುವಾಗಲೇ ಮಾಡಬೇಕು. ಸರಿ, ಸ್ಲೋ ಗಾಡಿ ಬಂತು. ನಾವು ಇಳಿಯುವ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಫಾಸ್ಟ್ ನಿಲ್ಲುವುದಿಲ್ಲ, ಹೊಸಬರು ನೆನಪಿಟ್ಟುಕೊಳ್ಳಿ.

ಇದೇ ಲ್ಯಾಮಿಂಗ್ಟನ್ ರೋಡ್. ಕಾಗದದ ಮೇಲೆ ಡಾಕ್ಟರ್ ಭಡ್ಕಮ್ಕರ್ ಮಾರ್ಗ. ರಿಕ್ಷಾ ಕಾಣುತ್ತಿಲ್ಲವಲ್ಲ ಅನ್ನಬೇಡಿ, ಮುಂಬಯಿಯ ಈ ಭಾಗದಲ್ಲಿ ಆಟೊ ಬಿಡುವುದಿಲ್ಲ. ಕೇಬಲ್, ಸ್ಪೀಕರ್, ಕಂಪ್ಯೂಟರ್ ಬಿಡಿಭಾಗ, ಎಲ್ಲಾ ಇಲ್ಲಿ ಸಿಗುತ್ತದೆ.

ನಡೆಯುತ್ತಾ ದೊಡ್ಡಪ್ಪ ಕೇಳಿದ ಪ್ರಶ್ನೆ ಇದು. ಗಲಾಟೆಯಲ್ಲಿ ಕೇಳಿಸದಿರಬಹುದು, ನಾನೇ ಹೇಳುತ್ತೇನೆ. "ಇಷ್ಟು ಸಪೂರದ್ದಕ್ಕೆ ಇಷ್ಟು ರೇಟ್ ಎಂತಕ್ಕೆ ಮಗಾ? ಸಾಮಾನು ಕಮ್ಮಿ ಅಲ್ವಾ ಒಳಗೆ?" ಸಪೂರ ಅಂದರೆ ನಮ್ಮ ಕಡೆ ತೆಳು. ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ 2008ರಿಂದ ಶುರುವಾಗುತ್ತದೆ.

ಆ ವರ್ಷ ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಆಫೀಸಿನ ಕಂದು ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಅನ್ನುವ ತೆಳು ಲ್ಯಾಪ್‌ಟಾಪ್ ಹೊರತೆಗೆದರು. 1.36 ಕಿಲೋ. ಬೆಲೆ 1,799 ಡಾಲರ್. ಆ ಬೆಲೆಗೆ ಒಳಗಿದ್ದದ್ದು 80 ಜಿಬಿಯ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಬದಲು ಫ್ಲ್ಯಾಶ್ ಮೆಮೊರಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ಪು, ಹಾಕಿದ ದುಬಾರಿ ಮಾದರಿಗೆ 3,098 ಡಾಲರ್, ಅದೂ 64 ಜಿಬಿಗೆ. ಅಂದರೆ ಆಗ ಸಪೂರ ಅನ್ನುವುದು ಶ್ರೀಮಂತರ ವಸ್ತು. ಮರುವರ್ಷ ಡೆಲ್ ಕಂಪನಿ ಅಡಾಮೊ ಅಂತ ಒಂದು ತಂದಿತು, ಅದಕ್ಕೆ 1,999 ಡಾಲರ್.

ಆಮೇಲೆ 2010ರ ಅಕ್ಟೋಬರ್‌ನಲ್ಲಿ ಆಪಲ್ 11.6 ಇಂಚಿನ ಏರ್ ಬೆಲೆಯನ್ನು 999 ಡಾಲರ್‌ಗೆ ಇಟ್ಟಿತು. ಉಳಿದವರೆಲ್ಲ ಅಲ್ಲಿ ಸಿಕ್ಕಿಬಿದ್ದರು. 2011ರಲ್ಲಿ ಇಂಟೆಲ್ ಅಲ್ಟ್ರಾಬುಕ್ ಅನ್ನುವ ಹೆಸರು ತಂದು, ಸಾವಿರ ಡಾಲರ್ ಒಳಗೆ ತೆಳು ಲ್ಯಾಪ್‌ಟಾಪ್ ಕೊಡುವುದೇ ಗುರಿ ಅಂದಿತು. ಅದಕ್ಕೆ 30 ಕೋಟಿ ಡಾಲರ್ ನಿಧಿಯನ್ನೂ ತೆಗೆದಿಟ್ಟಿತು. ಅಸುಸ್‌ನ ಮೊದಲ ಝೆನ್‌ಬುಕ್ ಶುರುವಾದದ್ದೂ 999ಕ್ಕೇ. ಏಸರ್ 899ಕ್ಕೆ ಕೊಟ್ಟಿತು, ಆದರೆ ಹಾರ್ಡ್ ಡಿಸ್ಕ್ ಹಾಕಿ, ಜೊತೆಗೆ 20 ಜಿಬಿ ಫ್ಲ್ಯಾಶ್ ಮಾತ್ರ ಇಟ್ಟು.

ಇವರೇಕೆ ಇನ್ನೂ ಇಳಿಸಲಿಲ್ಲ? ಇಲ್ಲಿ ದೊಡ್ಡಪ್ಪನಿಗೆ ಹೋಟೆಲಿನ ಭಾಷೆಯಲ್ಲೇ ಹೇಳಿದೆ. ಆಪಲ್ 2005ರಲ್ಲೇ, ಐಪಾಡ್ ಕಾಲದಲ್ಲಿ, ಫ್ಲ್ಯಾಶ್ ಮೆಮೊರಿ ಮಾಡುವವರಿಗೆ 125 ಕೋಟಿ ಡಾಲರ್ ಮುಂಗಡ ಕಟ್ಟಿತ್ತು. ಸ್ಯಾಮ್‌ಸಂಗ್, ತೋಶಿಬಾ, ಹೈನಿಕ್ಸ್, ಇಂಟೆಲ್, ಮೈಕ್ರಾನ್, ಐದೂ ಕಂಪನಿಗಳಿಂದ 2010ರವರೆಗೆ ಮಾಲು ಬರಬೇಕು ಅಂತ ಒಪ್ಪಂದ. ದೊಡ್ಡಪ್ಪ ಅಲ್ಲೇ ನಿಂತರು. "ಹಾಗೆ ಹೇಳು. ವಾಶಿ ಮಾರ್ಕೆಟಿನಲ್ಲಿ ಇಡೀ ವರ್ಷದ ಅಕ್ಕಿಗೆ ಮೊದಲೇ ದುಡ್ಡು ಕಟ್ಟಿದವನ ಎದುರು ನಾನು ಇಡ್ಲಿ ರೇಟ್ ಇಳಿಸಿದರೆ ಎಷ್ಟು ದಿನ ಬದುಕುತ್ತೇನೆ?" ಅಂದರು. ದೊಡ್ಡ ಹೋಟೆಲಿನವನು ಇಟ್ಟ ರೇಟಿಗಿಂತ ಎರಡು ರೂಪಾಯಿ ಕೆಳಗೆ ಇಟ್ಟು ಸಾಂಬಾರಿನಲ್ಲಿ ಬೇಳೆ ಕಡಿಮೆ ಮಾಡುತ್ತಾರಂತೆ ಕೆಲವರು. ಆ ಬೇಳೆ ಮಾತು ಮುಂದೆ ಬರುತ್ತದೆ.

ಮೊದಲ ಅಂಗಡಿ. ಹೆಸರು ತೋರಿಸುವುದಿಲ್ಲ, ಬೋರ್ಡನ್ನು ಮಸುಕು ಮಾಡಿದ್ದೇನೆ. ಈ ಅಂಗಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನನಗೆ ನಿಜವಾಗಿ ಸಿಟ್ಟು ಬಂದಿದೆ.

ಲ್ಯಾಪ್‌ಟಾಪ್ ಚೆನ್ನಾಗಿತ್ತು. 14 ಇಂಚು. ಕೆಳಗಿನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ 64,990. ತಕ್ಕಡಿ ತೆಗೆದು ಇಟ್ಟೆ, ಅಂಗಡಿಯ ಹುಡುಗ ಬೇಡ ಅನ್ನಲಿಲ್ಲ. 1 ಕಿಲೋ 210. ಡಬ್ಬದ ಮೇಲೆ 1.2 ಅಂತಿತ್ತು, ಸರಿಯಾಗಿದೆ. ಚಾರ್ಜರ್ 290 ಗ್ರಾಂ. ಚಾರ್ಜರ್ ತೂಕವನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ, ಹೊರುವುದು ನಾವೇ ತಾನೇ? ಒಟ್ಟು ಒಂದೂವರೆ ಕಿಲೋ. ನನ್ನ ಹಳೆಯದಕ್ಕಿಂತ 1 ಕಿಲೋ 170 ಗ್ರಾಂ ಕಡಿಮೆ. ತೆಗೆದುಕೊಳ್ಳುತ್ತೇನೆ ಅಂದೆ. ಬಿಲ್ ಮಾಡಿ ಅಂದೆ.

ಬಿಲ್ಲಿನಲ್ಲಿ 74,490.

ತಪ್ಪಾಗಿರಬೇಕು ಅಂದುಕೊಂಡು ಕೇಳಿದೆ. ಚೀಟಿಯ ಕೆಳಗೆ ಎಳ್ಳುಕಾಳಿನಷ್ಟು ಅಕ್ಷರ ತೋರಿಸಿದರು. 64,990 ಅನ್ನುವುದು 'ಎಫೆಕ್ಟಿವ್ ಪ್ರೈಸ್'. ಅದರಲ್ಲಿ 5,000 ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನದ್ದು. ಆ ಕಾರ್ಡ್ ಇದ್ದರೆ ಸಾಲದು, ಇಎಂಐ ಮಾಡಿಸಬೇಕು. ಇಎಂಐಗೆ ಪ್ರೊಸೆಸಿಂಗ್ ಶುಲ್ಕ ಬೇರೆ. ಬಡ್ಡಿ ಇಲ್ಲ ಅನ್ನುತ್ತಾರೆ, ಆದರೆ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಕಳೆದಿರುತ್ತಾರೆ ಅಷ್ಟೇ, ಮತ್ತು ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ನಮ್ಮ ತಲೆಗೆ ಬರುತ್ತದೆ. ಉಳಿದ 4,500 ಹಳೆಯ ಲ್ಯಾಪ್‌ಟಾಪ್ ಕೊಟ್ಟರೆ ಸಿಗುವ ಎಕ್ಸ್‌ಚೇಂಜ್ ಬೋನಸ್. ನನ್ನದು ಬ್ಯಾಗಿನಲ್ಲೇ ಇತ್ತು, ಕೊಟ್ಟೆ. ತೆರೆದು ನೋಡಿದರು. ಎಡಗಡೆಯ ಹಿಂಜ್, ಅಂದರೆ ಪರದೆ ಮಡಚುವ ಕೀಲು, ಮುರಿದಿದೆ. ಹಿಂಜ್ ಮುರಿದದ್ದಕ್ಕೆ ಬೆಲೆ ಸೊನ್ನೆ, ಬೆಲೆ ಸೊನ್ನೆಯಾದರೆ ಬೋನಸ್ಸೂ ಇಲ್ಲ. ಎಂಟು ವರ್ಷಕ್ಕೂ ಜಾಸ್ತಿ ನನಗೆ ಅನ್ನ ಹಾಕಿದ ಮೆಷಿನ್. ಆ ಮಾತು ಕೇಳಿ ಗಂಟಲು ಕಟ್ಟಿತು.

ಇದು ಸರಿಯಲ್ಲ. ಯಾವ ಗಿರಾಕಿಗೂ ಸಿಗದ ಬೆಲೆಯನ್ನು ದೊಡ್ಡದಾಗಿ ಬರೆದು ಒಳಗೆ ಕರೆಯುವುದು ಸರಿಯಲ್ಲ. ದೊಡ್ಡಪ್ಪ ಅಂಗಡಿಯವರಿಗೆ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದರು: ನನ್ನ ಬೋರ್ಡಿನಲ್ಲಿ ಊಟದ ಬೆಲೆ ಒಂದು ಬರೆದು, ಎಲೆ ಎತ್ತುವಾಗ ಇನ್ನೊಂದು ಕೇಳಿದರೆ ಮರುದಿನ ನಾನು ಬಾಗಿಲು ತೆಗೆಯುವ ಹಾಗಿಲ್ಲ. ಅವರು ನಕ್ಕರು. ನಾವು ನಗಲಿಲ್ಲ.

ನಿಜ ಹೇಳಬೇಕೆಂದರೆ ಆಗಲೂ 74,490 ಕೊಡಲು ಮನಸ್ಸಾಗಿತ್ತು. ಭುಜ ಅಷ್ಟು ನೋಯುತ್ತಿತ್ತು. ತಡೆದದ್ದು ಇನ್ನೊಂದು ವಿಷಯ. ರ‍್ಯಾಮ್ ಎಷ್ಟು, ಅಂದರೆ ಕೆಲಸ ನಡೆಯುವಾಗ ಮೆಷಿನ್ ಬಳಸುವ ಮೆಮೊರಿ ಎಷ್ಟು, ಅಂತ ನೋಡಿದರೆ 8 ಜಿಬಿ. ಮುಂದೆ ಹೆಚ್ಚಿಸಬಹುದಾ ಅಂದರೆ ಆಗುವುದಿಲ್ಲ, ಒಳಗಿನ ಮದರ್‌ಬೋರ್ಡಿಗೇ ಬೆಸುಗೆ ಹಾಕಿದೆ. 16 ಜಿಬಿಯದ್ದಕ್ಕೆ 9,000 ಜಾಸ್ತಿ.

ದೊಡ್ಡಪ್ಪ ಹೇಳಿದ ಬೇಳೆ ಇದೇ. ತೆಳು ಲ್ಯಾಪ್‌ಟಾಪ್ ಅಗ್ಗ ಮಾಡಲು ಕಂಪನಿಗಳು ಕೈ ಹಾಕುವುದು ಇಲ್ಲಿಗೇ. ಮೊದಲೆಲ್ಲ ರ‍್ಯಾಮ್ ಬೇರೆ ಪಟ್ಟಿಯಾಗಿ ಸ್ಲಾಟಿನಲ್ಲಿ ಕೂರುತ್ತಿತ್ತು, ಎರಡು ಸ್ಕ್ರೂ ಬಿಚ್ಚಿ ಇನ್ನೊಂದು ಹಾಕಿದರೆ ಮುಗಿಯಿತು. ಸ್ಲಾಟಿಗೆ ಎತ್ತರ ಬೇಕು, ಜಾಗ ಬೇಕು. ಕಡಿಮೆ ಕರೆಂಟಿನಲ್ಲಿ ಓಡುವ ಎಲ್‌ಪಿಡಿಡಿಆರ್ ಅನ್ನುವ ರ‍್ಯಾಮ್ ಪ್ರೊಸೆಸರಿನ ಪಕ್ಕದಲ್ಲೇ ಇರಬೇಕು, ಅದಕ್ಕೆ ಬೆಸುಗೆ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಒಪ್ಪುತ್ತೇನೆ. ಆದರೆ ಕೊಳ್ಳುವ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ.

ಪೈಪೋಟಿ ಇದ್ದರೆ ನಮಗೆ ಎಷ್ಟು ಲಾಭ ಅನ್ನುವುದೂ ಇಲ್ಲೇ ಕಾಣುತ್ತದೆ. 2020ರ ನವೆಂಬರ್‌ನಲ್ಲಿ ಆಪಲ್‌ನದ್ದೇ ಎಂ1 ಚಿಪ್ಪಿನ ಏರ್ ಬಂತು. ಫ್ಯಾನ್ ಇಲ್ಲ, ಬ್ಯಾಟರಿ ಅದ್ಭುತ, ನಮ್ಮಲ್ಲಿ 92,900. ಆದರೆ 8 ಜಿಬಿ. ವರ್ಷಗಟ್ಟಲೆ ಅದೇ 8. ಆಮೇಲೆ 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಅಂತ ಎಐ ಕಂಪ್ಯೂಟರ್‌ಗಳ ಹೊಸ ಸಾಲು ತಂದು ಕನಿಷ್ಠ 16 ಜಿಬಿ ಇರಲೇಬೇಕು ಅಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪಲ್ ಕೂಡ ಬೆಲೆ ಏರಿಸದೆ ಏರ್‌ಗೆ 16 ಮಾಡಿತು. 2025ರ ಮಾರ್ಚ್‌ನಲ್ಲಿ ಎಂ4 ಏರ್ 16 ಜಿಬಿ ಜೊತೆಗೆ 99,900ಕ್ಕೆ ಬಂದಾಗ, ಆ ಬೆಲೆಯ ಸುತ್ತಮುತ್ತ ಇದ್ದ ಎಲ್ಲಾ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಉತ್ತರ ಕೊಡಬೇಕಾಯಿತು. 2025ರ ಕೊನೆಗೆ ಮತ್ತೆ ಬೇಜಾರಿನ ಸುದ್ದಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಎಳೆದುಕೊಂಡು ರ‍್ಯಾಮ್ ಬೆಲೆ ಜೋರಾಗಿ ಏರಿತು. ಹೀಗಿರುವಾಗ 8 ಜಿಬಿ ಬೆಸುಗೆ ಹಾಕಿ ಕೊಡುವುದು ನನ್ನ ಮಟ್ಟಿಗೆ ಮೋಸವೇ. ನಾಳೆ ಹೊಸ ಮೆಷಿನ್ನೇ ಕೊಳ್ಳಬೇಕಾಗುತ್ತದೆ.

ಹಾಗಾದರೆ ಆಪಲ್ ತೆಗೆದುಕೊಳ್ಳಬಹುದಲ್ಲ ಅನ್ನುತ್ತೀರಿ. ಬೆಳಿಗ್ಗೆವರೆಗೂ ಬೇಡವೇ ಬೇಡ ಅಂತಿದ್ದೆ. ಬೆಲೆ ವಿಷಯದಲ್ಲಿ ಅದು ನ್ಯಾಯವಾಗಿದೆ ಅಂತ ಈಗ ಅನ್ನಿಸುತ್ತಿದೆ. ಆದರೆ ನನ್ನ ಸಬ್‌ಟೈಟಲ್ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಕೈಯಲ್ಲಿ ಲಕ್ಷವೂ ಇಲ್ಲ.

ಇದು ಮೂರನೇ ಅಂಗಡಿ. ಎರಡನೆಯದ್ದನ್ನು ಕತ್ತರಿಸಿದ್ದೇನೆ, ಅಲ್ಲಿ ಏನೂ ಆಗಲಿಲ್ಲ. ಇಲ್ಲಿನ ಹಿರಿಯರು ಚೀಟಿಯಲ್ಲಿ ಏನಿದೆಯೋ ಅದನ್ನೇ ಹೇಳಿದರು. 71,500, ಜಿಎಸ್‌ಟಿ ಸೇರಿ, ಕಾರ್ಡಾದರೂ ಸರಿ, ಯುಪಿಐ ಆದರೂ ಸರಿ. 14 ಇಂಚು. 8 ಜಿಬಿ ಬೆಸುಗೆ, ಪಕ್ಕದಲ್ಲಿ ಒಂದು ಸ್ಲಾಟ್, ಅದರಲ್ಲಿ ಇನ್ನೊಂದು 8. ಒಟ್ಟು 16, ನಾಳೆ ಸ್ಲಾಟಿನದ್ದನ್ನು ಬದಲಾಯಿಸಿಕೊಳ್ಳಬಹುದು. ತಕ್ಕಡಿಯಲ್ಲಿ 1 ಕಿಲೋ 390. ಮೊದಲಿನದ್ದಕ್ಕಿಂತ 180 ಗ್ರಾಂ ಜಾಸ್ತಿ. ಆ 180 ಗ್ರಾಂ ಹೊರಲು ನಾನು ತಯಾರು. ದೊಡ್ಡಪ್ಪ ಚೌಕಾಸಿ ಮಾಡಿ 500 ಇಳಿಸಿದರು, ಬ್ಯಾಗನ್ನೂ ಕೊಡಿಸಿದರು. ಹಣ ಕೊಟ್ಟದ್ದು, ಸೀಲ್ ತೆಗೆದದ್ದು ನೀವೇ ನೋಡುತ್ತಿದ್ದೀರಿ. ಕಂಪನಿಯ ಹೆಸರೂ ಪರದೆಯಲ್ಲಿದೆ.

ಮಾಟುಂಗಾದಲ್ಲಿ ಇಳಿದೆವು. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆಎಲೆ ಊಟ. ಬೇರೆ ಹೋಟೆಲಿಗೆ ಹೋದರೆ ದೊಡ್ಡಪ್ಪ ಮೊದಲು ಸಾಂಬಾರಿನ ಬೇಳೆ ನೋಡುತ್ತಾರೆ. ಇಲ್ಲಿ ಏನೂ ನೋಡದೆ ಅನ್ನ ಕಲಸಿದರು. ತೊವ್ವೆಯ ಮೇಲೆ ತುಪ್ಪ ಬಿದ್ದಾಗ ನಾನು ಕ್ಯಾಮೆರಾ ಮರೆತೆ, ಅದಕ್ಕೇ ಈ ಶಾಟ್ ಇಷ್ಟು ಚಿಕ್ಕದು.

ಊಟವಾದ ಮೇಲೆ ಕೈ ಒರೆಸಿಕೊಂಡು ದೊಡ್ಡಪ್ಪ ಕೇಳಿದರು, "ಆ ಸೊನ್ನೆ ರೂಪಾಯಿಯದ್ದನ್ನು ಎಂತ ಮಾಡ್ತೆ?" ಏನು ಮಾಡುವುದು ಅಂತ ನಾನು ಯೋಚಿಸಿರಲಿಲ್ಲ. "ನನಗೆ ಕೊಡು. ಗಲ್ಲಾದ ಹತ್ತಿರ ಗೋಡೆಗೆ ಒರಗಿಸಿ ಇಟ್ಟರೆ ಹಿಂಜ್ ಯಾಕೆ ಬೇಕು? ರಾತ್ರಿ ಲೆಕ್ಕ ಬರೆಯುವಾಗ ಯಕ್ಷಗಾನ ಹಾಕ್ಕೊಳ್ತೆ." ನಾನು ಬೇಡ ಅಂದರೂ ಜೇಬಿನಿಂದ ಎರಡು ಸಾವಿರ ತೆಗೆದು ನನ್ನ ಕೈಯಲ್ಲಿಟ್ಟರು.

ಈಗ ವಾಪಸ್ ಹೋಗುವ ಗಾಡಿ. ಮುಂಬ್ರಾ ದಾಟುತ್ತಿದ್ದೇವೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ, ಅಂದರೆ ಒಳನುಗ್ಗಿದ ಕಡಲ ನೀರು. ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಿದ್ದೇನೆ. ಬೆಳಿಗ್ಗೆ ತೆಳುವಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬಾರದು ಅಂದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಹಳೆಯ ಬ್ಯಾಗಾಗಿದ್ದರೆ ಎದುರಿನ ಅಕ್ಕನಿಗೆ ಇಷ್ಟು ಹೊತ್ತಿಗೆ ನಾಲ್ಕು ಸಲ ಚುಚ್ಚಿರುತ್ತಿತ್ತು. ಇವತ್ತು ಅವರು ಆರಾಮಾಗಿ ಬಟಾಣಿ ಸುಲಿಯುತ್ತಿದ್ದಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಒಂದು ತಿಂಗಳು ಬಳಸಿ ಹೇಳುತ್ತೇನೆ. ದಿವಾ ಹೋಯಿತು, ಕೋಪರ್ ಆದ ಮೇಲೆ ನಮ್ಮದೇ. ಬಾಗಿಲ ಕಡೆ ಸರಿಯಬೇಕು, ಕ್ಯಾಮೆರಾ ಒಳಗಿಡುತ್ತೇನೆ.