ರೋಗಿ ಕೊಟ್ಟ ಅಂಕಿ ಯಾರ ಬೀರುವಿನಲ್ಲಿದೆ?

ಎಲ್ಲರಿಗೂ ನಮಸ್ಕಾರ. ಆಫೀಸು ಮುಗಿಸಿ, ಟ್ರಾಫಿಕ್ ದಾಟಿ ಬಸವನಗುಡಿಯವರೆಗೂ ಬಂದಿದ್ದೀರಿ, ಸಂತೋಷ. ನಾನು ಡಾಕ್ಟರ್ ಅಲ್ಲ. ಡಾಕ್ಟರುಗಳು ನಡೆಸುವ ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನಗಳ, ಲೆಕ್ಕ ನೋಡುವವನು. ಒಂದು ಟ್ರಯಲ್ ಮುಗಿದ ಮೇಲೆ ಅದರ ರೋಗಿಗಳ ಮಾಹಿತಿಯನ್ನು ಬೇರೆಯವರು ಕೇಳಿ ಪಡೆಯುವುದು ಹೇಗೆ, ಯಾಕೆ ಪಡೆಯಬೇಕು ಅನ್ನುವುದು ಇವತ್ತಿನ ಮಾತು.

ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗುವುದು ಸರಾಸರಿ ಮಾತ್ರ. ಇಷ್ಟು ಜನಕ್ಕೆ ಗುಣವಾಯಿತು, ಇಷ್ಟು ಜನ ತೀರಿಕೊಂಡರು, ಅಷ್ಟೇ. ಶೀಟಿನಲ್ಲಿ ಒಬ್ಬೊಬ್ಬ ರೋಗಿಯ ವಿವರ ತುಂಬಿದ ಸಾಲು ಸಂಶೋಧಕರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆ ಸಾಲುಗಳು ಕೈಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರಕ್ತಸ್ರಾವ ತಡೆಯುವ ಅಗ್ಗದ ಔಷಧಿ ಅದು. ಅಪಘಾತದ ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಟ್ರಯಲ್ 2010ರಲ್ಲಿ ಪ್ರಕಟವಾಯಿತು. 40 ದೇಶಗಳ 20,211 ರೋಗಿಗಳು. ನಮ್ಮ ದೇಶದವರೂ ಇದ್ದರು. ಔಷಧಿ ಜೀವ ಉಳಿಸುತ್ತದೆ ಎಂದು ಗೊತ್ತಾಯಿತು. ಮರುವರ್ಷ ಗಾಯವಾದ ಹೊತ್ತನ್ನೂ ಔಷಧಿ ಕೊಟ್ಟ ಹೊತ್ತನ್ನೂ ಹೊಂದಿಸಿ ನೋಡಿದರು. ಮೂರು ಗಂಟೆಯೊಳಗೆ ಕೊಟ್ಟವರಿಗೆ ಲಾಭ. ಮೂರು ಗಂಟೆ ದಾಟಿದವರಲ್ಲಿ ರಕ್ತಸ್ರಾವದಿಂದ ಸತ್ತವರು ಔಷಧಿ ಪಡೆಯದವರಿಗಿಂತ ಹೆಚ್ಚು. ಮುಂದೆ, ಹೆರಿಗೆಯ ರಕ್ತಸ್ರಾವದ ವುಮನ್ ಟ್ರಯಲ್‌ನ ಸಾಲುಗಳನ್ನೂ ಇದಕ್ಕೆ ಸೇರಿಸಿ, 40,138 ರೋಗಿಗಳ ಲೆಕ್ಕ ಒಟ್ಟಿಗೆ ಹಾಕಿದರು. ಪ್ರತಿ 15 ನಿಮಿಷ ತಡವಾದಂತೆ ಔಷಧಿಯ ಲಾಭ ಸುಮಾರು ಶೇ. 10ರಷ್ಟು ಕುಗ್ಗುತ್ತದೆ ಎಂದು ಕಂಡಿತು. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸನ್ನು ನೋಡಿದಾಗೆಲ್ಲ ನನಗೆ ಈ 15 ನಿಮಿಷ ನೆನಪಾಗುತ್ತದೆ. ಬರೀ ಸರಾಸರಿ ಇಟ್ಟುಕೊಂಡು ಇದನ್ನು ಕಾಣಲು ಸಾಧ್ಯವಿರಲಿಲ್ಲ.

ಇನ್ನೊಂದು ಕಾರಣ ಕಹಿಯಾದದ್ದು. ಇಂಗ್ಲೆಂಡಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ತಾವು ಸಂಪಾದಕರಾಗಿದ್ದ ವೈದ್ಯಕೀಯ ಪತ್ರಿಕೆಗೆ ಬಂದ 526 ಟ್ರಯಲ್‌ಗಳನ್ನು ಪರೀಕ್ಷಿಸಿದರು. ರೋಗಿವಾರು ಶೀಟು ಸಿಕ್ಕಿದ್ದು 153ಕ್ಕೆ. ಅವುಗಳಲ್ಲಿ 67ರಲ್ಲಿ ಸುಳ್ಳು ಅಂಕಿಗಳು ಕಂಡವು. ಶೀಟು ಸಿಗದ 373ರಲ್ಲಿ ಅವರು ಹಿಡಿಯಲಾದದ್ದು ಬರೀ 6. ಶೀಟು ಬಿಚ್ಚಿದರೆ ಕಾಣುವುದು ಮುಚ್ಚಿಟ್ಟರೆ ಕಾಣುವುದಿಲ್ಲ.

ಹಾಗಾದರೆ ಕೇಳಿದರೆ ಕೊಡುತ್ತಾರೆಯೇ? 2018ರ ಜುಲೈನಿಂದ ದೊಡ್ಡ ವೈದ್ಯಕೀಯ ಪತ್ರಿಕೆಗಳು ಪ್ರತಿ ಟ್ರಯಲ್ ಲೇಖನದಲ್ಲೂ ಡೇಟಾ ಹಂಚುತ್ತೀರೋ ಇಲ್ಲವೋ ಬರೆಯಿರಿ ಎನ್ನುತ್ತಿವೆ. ಬರೆಯುವುದು ಕಡ್ಡಾಯ, ಕೊಡುವುದಲ್ಲ. "ಸಮಂಜಸ ಕೋರಿಕೆ ಬಂದರೆ ಕೊಡುತ್ತೇವೆ" ಎಂಬ ಸಾಲನ್ನು ನಂಬಿ ಒಮ್ಮೆ ಒಂದು ತಂಡಕ್ಕೆ ಮೇಲ್ ಹಾಕಿದ್ದೆ. ನಾಲ್ಕು ತಿಂಗಳಲ್ಲಿ ಐದು ಮೇಲ್. ಕೊನೆಗೆ ಬಂದ ಉತ್ತರ: ಡೇಟಾ ಇಟ್ಟುಕೊಂಡಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿದೆ. ನೂರಾರು ಜನ ಸೂಜಿ ಚುಚ್ಚಿಸಿಕೊಂಡು ಕೊಟ್ಟ ರಕ್ತದ ಲೆಕ್ಕ ಹೀಗೆ ಹೋಯಿತಲ್ಲ ಎಂದು ನನಗೆ ಇವತ್ತಿಗೂ ಸಂಕಟ.

ಕೇಳುವವರ ತಪ್ಪೂ ಇದೆ. "ನಿಮ್ಮ ಡೇಟಾ ಪೂರ್ತಿ ಕಳಿಸಿ" ಎಂದರೆ ಯಾರೂ ಕೊಡುವುದಿಲ್ಲ, ಕೊಡಲೂ ಬಾರದು. ನಿಮ್ಮ ಪ್ರಶ್ನೆ ಏನು, ಯಾವ ಯಾವ ಕಾಲಮ್ ಬೇಕು, ಯಾಕೆ ಬೇಕು ಎಂದು ಎರಡು ಪುಟದಲ್ಲಿ ಬರೆಯಿರಿ. ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನಿಮ್ಮ ಎಥಿಕ್ಸ್ ಕಮಿಟಿಯ ಅನುಮತಿ ಜೊತೆಗಿರಲಿ. ರೋಗಿಗಳ ಗುರುತು ಹಿಡಿಯಲು ಯತ್ನಿಸುವುದಿಲ್ಲ, ಮೂರನೆಯವರಿಗೆ ದಾಟಿಸುವುದಿಲ್ಲ ಎಂಬ ಒಪ್ಪಂದಕ್ಕೆ ಮೊದಲೇ ಸಹಿ ಹಾಕಲು ಸಿದ್ಧರಿರಿ. ಕಂಪನಿಗಳ ಟ್ರಯಲ್ ಆದರೆ ವಿವ್ಲಿ, ಯೇಲ್ ವಿಶ್ವವಿದ್ಯಾಲಯದ ಯೋಡಾದಂಥ ವೇದಿಕೆಗಳ ಮೂಲಕ ಅರ್ಜಿ ಹಾಕಬಹುದು. ಅಲ್ಲಿ ಸಾಮಾನ್ಯವಾಗಿ ಫೈಲು ಕೈಗೆ ಕೊಡುವುದಿಲ್ಲ. ಅವರ ಸರ್ವರ್‌ನಲ್ಲೇ ಕೂತು ಲೆಕ್ಕ ಮಾಡಬೇಕು.

ಶೀಟಿನ ಜೊತೆ ಕೋಡ್‌ಗಳ ಅರ್ಥಪಟ್ಟಿಯನ್ನು ಮರೆಯದೆ ಕೇಳಿ. ನನಗೆ ಬಂದಿದ್ದ ಒಂದು ಶೀಟಿನಲ್ಲಿ ಲಿಂಗದ ಕೆಳಗೆ 1, 2 ಎಂದಷ್ಟೇ ಇತ್ತು. ಯಾವುದು ಗಂಡು, ಯಾವುದು ಹೆಣ್ಣು? ತೂಕದ ಕಾಲಮ್‌ನಲ್ಲಿ ಅಲ್ಲಲ್ಲಿ 999. ತೂಕ ನೋಡಿಲ್ಲ ಎನ್ನುವುದಕ್ಕೆ ಹಾಗೆ ತುಂಬಿದ್ದರು. ಗಮನಿಸದೆ ಸರಾಸರಿ ತೆಗೆದಿದ್ದರೆ ರೋಗಿಗಳೆಲ್ಲ ಭೀಮರಾಗುತ್ತಿದ್ದರು. 03/04 ಎಂಬ ತಾರೀಖು ಏಪ್ರಿಲ್ಲೋ ಮಾರ್ಚೋ ತಿಳಿಯಲು ಒಂದು ವಾರ ಹಿಡಿಯಿತು.

ಕೊಡುವ ಕಡೆಯ ತಯಾರಿ ಮೊದಲ ರೋಗಿ ಬರುವ ಮುಂಚೆಯೇ ಆಗಬೇಕು. ಒಪ್ಪಿಗೆ ಪತ್ರದ ಕನ್ನಡ ಪ್ರತಿಯಲ್ಲಿ ನಾವೀಗ ಒಂದು ಸಾಲು ಸೇರಿಸಿದ್ದೇವೆ: "ನಿಮ್ಮ ಹೆಸರು, ವಿಳಾಸ ತೆಗೆದುಹಾಕಿ, ಉಳಿದ ಮಾಹಿತಿಯನ್ನು ಬೇರೆ ಸಂಶೋಧಕರಿಗೆ ಕೊಡಬಹುದೇ?" ಕಳೆದ ವರ್ಷ ಚಿಂತಾಮಣಿ ಕಡೆಯ ಒಬ್ಬ ಅಜ್ಜಿಗೆ ಇದನ್ನು ಓದಿ ಹೇಳಿದೆವು. ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡವರು ಕೈ ಹಾಗೇ ಹಿಡಿದು ಕೇಳಿದರು, "ಕೊಡ್ರಪ್ಪ, ಬ್ಯಾಡ ಅನ್ನಲ್ಲ. ಅವ್ರು ಏನ್ ಕಂಡ್ಕಂಡ್ರು ಅಂತ ನಂಗೂ ಹೇಳ್ತೀರಾ?"

ನಮ್ಮ ಪತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈಗ ಕೊನೆಯ ಪುಟದಲ್ಲಿ ಒಂದು ಚೌಕ ಇದೆ, ಪಕ್ಕದಲ್ಲಿ ಫೋನ್ ನಂಬರಿಗೆ ಜಾಗ.