ರೌಂಡ್ ಲೆಕ್ಕ ಬಿಡಿ, ಹೊತ್ತಿನ ಲೆಕ್ಕ ಹಿಡೀರಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಇದ್ಯಾ? ಸರಿ. ಕೇಳದೇ ಇದ್ರೂ ದೊಡ್ಡ ನಷ್ಟ ಇಲ್ಲ ಬಿಡಿ, ಯಾಕಂದ್ರೆ ಇವತ್ತು ನಾನು ಮಾತಾಡೋಕೆ ಬಂದಿದ್ದು ಮುಂದಿನ ಎರಡು ಸಾಲಲ್ಲಿ ಕೂತ ದೋಣಿಯವರ ಹತ್ರ. ಕಾಲೇಜು ಮಕ್ಕಳು, ಹೋಮ್‌ಸ್ಟೇದವರು, ಪಂಚಾಯ್ತಿಯವರು ಮಗ್ಗುಲಲ್ಲಿ ಕೂತು ಕೇಳಿಸ್ಕೊಳ್ಳಿ.

ಜೌಗು ಪ್ರದೇಶಗಳ ದಿನ ಯಾಕೆ ಫೆಬ್ರವರಿ 2ಕ್ಕೇ ಬರ್ತದೆ, 1971ರಲ್ಲಿ ಇರಾನಿನ ರಾಮ್ಸಾರಲ್ಲಿ ಜೌಗು ಉಳಿಸೋ ಒಪ್ಪಂದ ಹೇಗಾಯ್ತು, ಅದೆಲ್ಲಾ ಸ್ವಾಗತ ಭಾಷಣದಲ್ಲೇ ಆಗೋಯ್ತು, ನನ್ನ ಹತ್ತು ನಿಮಿಷ ಉಳೀತು. 2024ರಲ್ಲಿ ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಅಂದ್ರೆ ಹೊಳೆ ಕಡಲು ಸೇರೋ ಜಾಗ, ಆ ಒಪ್ಪಂದದ ರಾಮ್ಸಾರ್ ಪಟ್ಟಿಗೆ ಸೇರಿದ್ದು, 4801 ಹೆಕ್ಟೇರ್ ಇರೋದು, ಅದೂ ಬ್ಯಾನರಲ್ಲಿ ಉಂಟು. ಬ್ಯಾನರಲ್ಲಿ ಒಂದು ಫ್ಲೆಮಿಂಗೋ ಚಿತ್ರಾನೂ ಉಂಟು, ಯಾರು ಹಾಕಿದ್ರೋ ಗೊತ್ತಿಲ್ಲ, ಚೆಂದ ಉಂಟು, ಆದ್ರೆ ಮಾರಾಯ್ರೆ ಅದರ ದೊಡ್ಡ ಹಿಂಡು ನೋಡ್ಬೇಕಂದ್ರೆ ಕಛ್‌ಗೋ ಪುಲಿಕಾಟ್‌ಗೋ ಹೋಗ್ಬೇಕು, ನಾಳೆ ಯಾರಾದ್ರೂ ಬೆಂಗಳೂರಿಂದ ಬಂದು ಬ್ಯಾನರ್ ತೋರಿಸಿ "ಇದು ಎಲ್ಲಿ?" ಅಂತ ಕೇಳಿದ್ರೆ ದೋಣಿಯವರು ಪಾಪ ಏನು ಹೇಳ್ಬೇಕು?

ರಾಮ್ಸಾರ್ ಪಟ್ಟ ಬಂದ ಮೇಲೆ ನಂಗೆ ಬರೋ ಫೋನೆಲ್ಲಾ ಒಂದೇ ಥರ. "ಸರ್, ಪಕ್ಷಿ ವೀಕ್ಷಣೆ ಬೋಟಿಂಗ್ ಶುರು ಮಾಡ್ಬೇಕು ಅಂತ ಇದ್ದೇವೆ, ಒಂದು ರೌಂಡಿಗೆ ಎಷ್ಟು ರೇಟ್ ಇಡಬಹುದು?"

ಈ ರೌಂಡು ಅನ್ನೋದೇ ನನ್ನ ತಲೆನೋವು. ಇವತ್ತು ನಾನು ಬೇರೆ ಏನು ಹೇಳಿದ್ರೂ ಮರೀರಿ, ಇದೊಂದು ನೆನಪಿಡಿ, ರೌಂಡ್ ಲೆಕ್ಕ ಬಿಡಿ. ತಲೆ ಎಣಿಸಿ ಒಬ್ಬರಿಗೆ ಇಷ್ಟು, ಒಂದು ರೌಂಡಿಗೆ ಇಷ್ಟು ಅಂತ ಇಟ್ಟ ಕೂಡ್ಲೇ ಏನಾಗ್ತದೆ ಅಂದ್ರೆ, ದಡದಲ್ಲಿ ಮುಂದಿನ ಪಾರ್ಟಿ ಕಾಯ್ತಾ ನಿಂತಿರ್ತದೆ, ದೋಣಿಯವನಿಗೆ ಬೇಗ ಹೋಗಿ ಬೇಗ ಬರೋದ್ರಲ್ಲೇ ಲಾಭ, ಅವನು ಇಂಜಿನ್ ಏರಿಸಿಯೇ ಏರಿಸ್ತಾನೆ, ಅವನ ತಪ್ಪಲ್ಲ, ಲೆಕ್ಕವೇ ಹಾಗೆ ಉಂಟು. ಇಂಜಿನ್ ಸದ್ದಿಗೆ ಕೆಸರ ದಿಬ್ಬದ ಮೇಲಿದ್ದದ್ದೆಲ್ಲಾ ಎದ್ದು ಆಚೆ ದಡಕ್ಕೆ ಹೋಗ್ತದೆ, ದೋಣಿಯಲ್ಲಿ ಕೂತವರು ಬಾಲ ನೋಡಿ ಬರ್ತಾರೆ. ಆಮೇಲೆ ಗೂಗಲ್ಲಲ್ಲಿ ಎರಡು ಸ್ಟಾರ್ ಕೊಟ್ಟು "ನೋ ಬರ್ಡ್ಸ್" ಅಂತ ಬರೀತಾರೆ. ಅವರನ್ನಾದ್ರೂ ಏನು ಹೇಳೋದು, ದುಡ್ಡು ಕೊಟ್ಟಿದ್ದಾರೆ.

ಹೊತ್ತಿನ ಲೆಕ್ಕ ಇಡಿ. ಇಡೀ ದೋಣಿಗೆ, ಎರಡು ಗಂಟೆಗೋ ಮೂರು ಗಂಟೆಗೋ, ಇಷ್ಟು ಅಂತ. ಆಗ ದೋಣಿ ನಿಂತ್ರೂ ದುಡಿಮೆ, ನಡೆದ್ರೂ ದುಡಿಮೆ.

ಹಕ್ಕಿ ಅಲ್ಲಿ ಸುಮ್ನೆ ಕೂತಿದೆ, ಹಾರಿದ್ರೆ ಮತ್ತೆ ಬಂದು ಕೂರ್ತದೆ, ಅದಕ್ಕೇನು ಅಂತ ಕೆಲವರು ಕೇಳ್ತಾರೆ. ಅದು ಸುಮ್ನೆ ಕೂತಿರೋದಲ್ಲ. ನೀರು ಇಳಿದು ಕೆಸರು ಬಿಟ್ಟಷ್ಟು ಹೊತ್ತು ಮಾತ್ರ ಅದಕ್ಕೆ ಊಟ, ಭರತ ಬಂದು ನೀರೇರಿದ್ರೆ ಬಾಗಿಲು ಮುಚ್ತು. ದಿನಕ್ಕೆ ಎರಡು ಇಳಿತ, ಒಂದು ಹೆಚ್ಚಾಗಿ ಕತ್ತಲಲ್ಲೇ ಹೋಗ್ತದೆ. ಆ ಹೊತ್ತಲ್ಲಿ ನಾವು ಇಂಜಿನ್ ಹಾಕ್ಕೊಂಡು ನುಗ್ಗೋದು ಅಂದ್ರೆ ಪಂಕ್ತೀಲಿ ಕೂತವನನ್ನ ಪ್ರತಿ ತುತ್ತಿಗೂ ಎಬ್ಬಿಸಿ ನಿಲ್ಲಿಸಿದ ಹಾಗೆ. ಅದೂ ಸುಮ್ನೆ ಮನೆ ಪಕ್ಕದಿಂದ ಬಂದವನಲ್ಲ. ನಮ್ಮಲ್ಲಿಗೆ ಬರೋ ವಿಂಬ್ರೆಲ್, ಅದೇ ಬಾಗಿದ ಕೊಕ್ಕಿಂದು, ಅದು ಮರಿ ಮಾಡೋದು ಉತ್ತರದ ತುಂಡ್ರಾ ಕಡೆ. ಇದೇ ಜಾತಿಯ ಬಳಗದಲ್ಲಿ ಪಟ್ಟೆಬಾಲದ ಗಾಡ್ವಿಟ್ ಅಂತ ಒಂದುಂಟು, 2022ರಲ್ಲಿ ಟ್ಯಾಗ್ ಹಾಕಿದ ಅದರ ಒಂದು ಮರಿ ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ 11 ದಿನ ಹಾರಿ ಟಾಸ್ಮೇನಿಯಾದಲ್ಲಿ ಇಳೀತು, 13,560 ಕಿಲೋಮೀಟರ್. ಆ ವರ್ಷ ಹುಟ್ಟಿದ ಮರಿ ಅದು! ಹೊರಡೋ ಮುಂಚೆ ಮೈತೂಕದ ಅರ್ಧದಷ್ಟು ಕೊಬ್ಬು ಕೂಡಿಡ್ತದೆ ಅದು. ಕೊಬ್ಬು ಎಲ್ಲಿಂದ ಬರಬೇಕು? ಕೆಸರಿಂದಾನೇ ಬರಬೇಕು.

ಈಗ ಮಂಗಳಜೋಡಿ ಕಥೆ. ನನ್ನ ಭಾಷಣ ಮುಂಚೆ ಕೇಳಿದವರು ನಗ್ತಾ ಇದ್ದಾರೆ, ನಗಲಿ, ಇನ್ನೊಂದು ಸಲ ಕೇಳಿ.

ಒಡಿಶಾದ ಚಿಲಿಕಾ ಸರೋವರದ ಉತ್ತರದ ಅಂಚಲ್ಲಿ, ಖುರ್ದಾ ಜಿಲ್ಲೆಯಲ್ಲಿ ಇರೋ ಹಳ್ಳಿ ಅದು. ಒಂದು ಕಾಲಕ್ಕೆ ಆ ಊರು ಹೆಸರಾಗಿದ್ದು ಹಕ್ಕಿ ಬೇಟೆಗೆ. ಬಲೆ ಹಾಕೋದು, ವಿಷ ಇಡೋದು, ಹಿಡಿದು ಪೇಟೆಗೆ ಮಾರೋದು. 2000ದ ಆಸುಪಾಸಲ್ಲಿ ಕೆಲವರು ಪಟ್ಟು ಹಿಡಿದು ಅವರ ಜೊತೆ ಕೂತು ಮಾತಾಡಿ, ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಅಂತ ಆಯ್ತು, ಬೇಟೆ ಆಡ್ತಾ ಇದ್ದವರೇ ಕಾವಲಿಗೆ ನಿಂತ್ರು, ಆಮೇಲೆ ದೋಣಿ ನಡೆಸೋ ಗೈಡ್‌ಗಳಾದ್ರು. ಅಲ್ಲಿನ ಟ್ರಸ್ಟಿಗೆ 2018ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಪ್ರಶಸ್ತೀನೂ ಕೊಟ್ಟಿದೆ.

ನಾವು ಒಂದು ಗುಂಪು ಜನವರಿಯಲ್ಲಿ ಹೋಗಿದ್ವಿ. ಚಪ್ಪಟೆ ತಳದ ಸಣ್ಣ ದೋಣಿ, ಇಂಜಿನ್ ಇಲ್ಲ, ಹಿಂದೆ ಒಬ್ಬ ನಿಂತು ಬಿದಿರ ಗಳ ಹಾಕಿ ನೂಕ್ತಾನೆ. ನಮ್ಮ ದೋಣಿಯಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ರಿದ್ರು, ಎರಡು ಕ್ಯಾಮೆರಾ, ಮೈತುಂಬಾ ಜೇಬಿರೋ ಜಾಕೆಟ್ಟು, ಮೂರು ನಿಮಿಷಕ್ಕೊಂದು ಸಲ ವಾಚು. ದೋಣಿಯವನು ಗಳ ಹಾಕೋ ರೀತಿ ನೋಡ್ಬೇಕಿತ್ತು ನೀವು. ನಾವು ಎತ್ತಿ ಕುತ್ತುತ್ತೇವಲ್ಲ, ಡುಬುಕ್ ಅಂತ ಸದ್ದಾಗ್ತದೆ. ಅವನು ಗಳದ ತುದಿ ನೀರಿಂದ ಪೂರ್ತಿ ಆಚೆ ತೆಗೀತಾನೇ ಇರ್ಲಿಲ್ಲ, ನೀರೊಳಗೇ ಮುಂದಕ್ಕೆ ಜಾರಿಸಿ ಕೆಸರಿಗೆ ಊರೋದು, ಹನಿ ಬಿದ್ದ ಸದ್ದೂ ಇಲ್ಲ. ಪಕ್ಕದಲ್ಲಿ ಕರಿಬಾಲದ ಗಾಡ್ವಿಟ್‌ಗಳು ಸಾವಿರಗಟ್ಲೆ, ಕೊಕ್ಕು ಬುಡದವರೆಗೆ ಕೆಸರಿಗೆ ಇಳಿಸಿಕೊಂಡು ತಮ್ಮ ಪಾಡಿಗೆ ಮೇಯ್ತಾ ಇದಾವೆ, ಒಂದು ತಲೆ ಎತ್ಲಿಲ್ಲ.

ಸ್ವಲ್ಪ ದೂರ ಹೋಗಿ, ಆಪುಹುಲ್ಲಿನ ಒಂದು ಸಂದೀಲಿ ಅವನು ದೋಣಿ ನಿಲ್ಲಿಸಿದ. ಏನೂ ಇಲ್ಲ ಅಲ್ಲಿ. ಹುಲ್ಲು, ಕೆಸರು, ಅಷ್ಟೇ. ಹತ್ತು ನಿಮಿಷ ಆಯ್ತು. ಮ್ಯಾನೇಜರ್ ಸಾಹೇಬ್ರು ಮೆಲ್ಲ ಕೇಳಿದ್ರು, "ಏನ್ರೀ, ಇಂಜಿನ್ ಕೆಟ್ಟೋಯ್ತಾ?" ಇಂಜಿನ್ನೇ ಇಲ್ಲ! ನಗು ತಡೆಯೋಕಾಗ್ದೆ ಇಡೀ ದೋಣಿ ಅಲ್ಲಾಡ್ತು, ಆದ್ರೂ ಅವನು ಕೈ ಸನ್ನೆ ಮಾಡಿ ಸುಮ್ನಿರಿ ಅಂದ. ಇನ್ನೂ ಒಂದಿಷ್ಟು ಹೊತ್ತು ಹೋಯ್ತು. ಆಮೇಲೆ ಹುಲ್ಲಿನ ಬುಡದಿಂದ ಗುಬ್ಬಚ್ಚಿಗಿಂತ ತುಸು ದೊಡ್ಡದು, ಕೆಂಪು ಕಣ್ಣು, ಬೆನ್ನಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ, ಬೈಲನ್ಸ್ ಕ್ರೇಕ್ ಅದು, ಎರಡು ಹೆಜ್ಜೆ ಆಚೆ ಬಂತು, ಒಂದು ಹುಳ ಹೆಕ್ಕಿತು, ಒಳಗೆ ಹೋಯ್ತು. ಇದನ್ನ ನೋಡೋಕೆ ವರ್ಷಗಟ್ಲೆ ಅಲೆದವರು ಈ ಹಾಲಲ್ಲೇ ಇದ್ದಾರೆ.

ಹೇಗೆ ಗೊತ್ತಾಯ್ತು ಅಂತ ಹರಕು ಮುರಕು ಹಿಂದೀಲಿ ಕೇಳಿದೆ. ಅವನು ಕೆಸರಲ್ಲಿ ಹೆಜ್ಜೆ ತೋರಿಸಿದ. ಮುಂಚೆ ಇಂಥಾ ಸಂದೀಲೇ ಬಲೆ ಕಟ್ತಾ ಇದ್ವಿ ಅಂದ. ಏನೂ ಮುಚ್ಚುಮರೆ ಇಲ್ಲ.

ಅವನ ಹತ್ರ ಒಂದು ಪಕ್ಷಿ ಪುಸ್ತಕ ಇತ್ತು, ಹಾಳೆ ಎಲ್ಲಾ ನೀರು ಕುಡಿದು ಉಬ್ಬಿದ್ದು. ಇಂಗ್ಲಿಷ್ ಹೆಸರೆಲ್ಲಾ ಸರಾಗ ಹೇಳೋನು. ದೂರದಲ್ಲಿ ಕೇಸರಿ ಬಣ್ಣದ ಬಾತು ಜೋಡಿ ಕಂಡಾಗ "ರಡ್ಡಿ ಶೆಲ್ಡಕ್" ಅಂದ. ನಾನು ಸುಮ್ನಿರಲಾರ್ದೆ, ಇದು ನಮ್ಮ ಚಕ್ರವಾಕ, ನಮ್ಮ ಕಾವ್ಯದಲ್ಲಿ ರಾತ್ರಿ ಆದ್ರೆ ಗಂಡು ಹೆಣ್ಣು ಅಗಲಿ ಕೊಳದ ಆಚೆ ಈಚೆ ಕೂತು ಬೆಳಗಾಗೋವರೆಗೆ ಅಳ್ತಾವೆ ಅಂತ ಕವಿಗಳು ಹೇಳಿದ್ದಾರೆ ಅಂತ ಅರ್ಧ ಹಿಂದಿ ಅರ್ಧ ಕೈಬಾಯಲ್ಲಿ ವಿವರಿಸಿದೆ. ಅವನು ಪೂರ್ತಿ ಕೇಳಿ, "ರಾತ್ರಿ ಅವು ಮೇಯ್ತಾವೆ ಸಾಬ್" ಅಂದ. ಅವನಿಗೆ ಗೊತ್ತಿರಲೇಬೇಕಲ್ಲ, ಕವಿಗಳು ಮಲಗಿದ ಹೊತ್ತಲ್ಲಿ ನೀರಲ್ಲಿ ನಿಂತಿದ್ದೋನು ಅವನು.

ನಾನು ಈ ಕಥೆ ಹೇಳೋದು ಯಾಕಂದ್ರೆ, ಆ ಹಕ್ಕಿಗೋಸ್ಕರ ಅಷ್ಟು ಹೊತ್ತು ದೋಣಿ ನಿಲ್ಲಿಸೋಕೆ ಅವನಿಗೆ ಆಗಿದ್ದು ದುಡ್ಡು ಹೊತ್ತಿನ ಲೆಕ್ಕದಲ್ಲಿ ಇದ್ದಿದ್ದಕ್ಕೆ. ರೌಂಡ್ ಲೆಕ್ಕ ಆಗಿದ್ರೆ ಆ ಹತ್ತು ನಿಮಿಷಕ್ಕೆ ಅವನ ಮನೆಯಲ್ಲಿ ಬೈಗುಳ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಪಟ್ಟದ ಬಗ್ಗೆ ಒಂದು ಮಾತು. 1981ರಲ್ಲಿ ನಮ್ಮ ದೇಶದ ಮೊದಲ ರಾಮ್ಸಾರ್ ತಾಣ ಅಂತ ಘೋಷಣೆ ಆಗಿದ್ದು ರಾಜಸ್ಥಾನದ ಭರತ್‌ಪುರದ ಕಿಯೋಲಾದೇವ್ ಮತ್ತು ಇದೇ ಚಿಲಿಕಾ. ಹನ್ನೆರಡೇ ವರ್ಷಕ್ಕೆ, 1993ರಲ್ಲಿ, ಚಿಲಿಕಾ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹೋಯ್ತು. ಹೂಳು ತುಂಬಿ ಅಳಿವೆ ಬಾಯಿ ಕಟ್ಟಿ ಉಪ್ಪುನೀರು ಒಳಗೆ ಬರೋದು ಕಮ್ಮಿ ಆಗಿ, ಕಳೆ ಬೆಳೆದು, ಮೀನೂ ಬಿದ್ದೋಯ್ತು. 2000ದ ಸೆಪ್ಟೆಂಬರಲ್ಲಿ ಸಮುದ್ರಕ್ಕೆ ಹೊಸ ಬಾಯಿ ಕಡಿದ ಮೇಲೆ ಚೇತರಿಸ್ಕೊಂಡು, 2002ರಲ್ಲಿ ಆ ಪಟ್ಟಿಯಿಂದ ಆಚೆ ಬಂತು. ಹಾಗಾಗಿ ಪಟ್ಟ ಸಿಕ್ತು ಅಂತ ಮೆರವಣಿಗೆ ಮಾಡಿ ಮಲಗೋ ಹಾಗಿಲ್ಲ. ನಮ್ಮ ಪುಣ್ಯಕ್ಕೆ ಅಘನಾಶಿನಿಗೆ ಅಣೆಕಟ್ಟಿಲ್ಲ, ಶಿರಸಿಯಿಂದ ಇಲ್ಲಿವರೆಗೆ ಮಣ್ಣೂ ನೀರೂ ತಾನಾಗೇ ಬರ್ತದೆ, ಅದಕ್ಕೇ ಇಲ್ಲಿ ಬಳಚು, ಅದೇ ಕೆಸರಲ್ಲಿ ಸಿಗೋ ತಿನ್ನೋ ಚಿಪ್ಪು, ಇದೆ, ಬಳಚು ಇರೋ ಕೆಸರಲ್ಲೇ ಹಕ್ಕೀನೂ ಇದೆ.

ನಮ್ಮ ದೋಣಿಯವರು ಮಂಗಳಜೋಡಿಯವರಿಗಿಂತ ಏನು ಕಮ್ಮಿ? ಯಾವ ದಿಬ್ಬ ಎಷ್ಟೊತ್ತಿಗೆ ಬಿಡ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಎಲ್ಲಿವರೆಗೆ ಒಣಗ್ತದೆ, ಎಲ್ಲಿ ಸೊಂಟದವರೆಗೆ ಹುಗೀತದೆ, ಇದು ಯಾವ ಆ್ಯಪಲ್ಲೂ ಹೇಳೋದಿಲ್ಲ. ಆ್ಯಪು ಭರತದ ಹೊತ್ತು ಹೇಳ್ತದೆ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ ಅಂತ ಹೇಳ್ತದೆ, ಅಷ್ಟೇ. ಇಳಿತ ಶುರುವಾಗಿ ಕೆಸರಿನ ಅಂಚು ಆಗಷ್ಟೇ ಕಾಣ್ತಾ ಇರೋವಾಗ ಹಕ್ಕಿ ಬಂದು ಇಳೀತದೆ, ಆಗ ದೋಣಿ ಅಲ್ಲಿರಬೇಕು, ಮುಂಚೇನೇ ಬಂದು ನಿಂತಿರಬೇಕು. ಪೂರ್ತಿ ಇಳಿದ ಮೇಲೆ ಹೋದ್ರೆ ದೋಣೀನೇ ಕೂತ್ಕೊಳ್ತದೆ, ಗಿರಾಕಿ ಇಳಿದು ನೂಕಬೇಕು, ಅದೂ ಒಂದು ಪ್ಯಾಕೇಜ್ ಅನ್ನಿ.

ಬಳಚು ಆರಿಸೋ ಅಕ್ಕಂದಿರ ಪಕ್ಕದಲ್ಲೇ ವಿಂಬ್ರೆಲ್ ಮೇಯೋದು ನೋಡಿದ್ದೀರಲ್ಲ, ಅದಕ್ಕೆ ಅವರ ಭಯ ಇಲ್ಲ. ಒಂದು ಸಲ ಗಮನಿಸಿ, ಬಾಗಿದ ಕೊಕ್ಕನ್ನ ಏಡಿ ಬಿಲಕ್ಕೆ ಇಳಿಸಿ, ತಿರುವಿ, ಎಳೀತದೆ, ಎಳೆದ ಏಡಿಯನ್ನ ಹಾಗೇ ನುಂಗೋದಿಲ್ಲ, ಆ ದೊಡ್ಡ ಕೊಂಬು ಕಳಚಿ ಬೀಳೋವರೆಗೆ ಕೊಡವಿ ಕೊಡವಿ, ಕೆಲವು ಸಲ ನೀರಲ್ಲಿ ತೊಳೆದು, ಆಮೇಲೆ ಗುಳುಂ. ಇದನ್ನ ನಿಂತ ದೋಣಿಯಿಂದ ತೋರಿಸಿದ್ರೆ ಸಣ್ಣ ಮಕ್ಕಳೂ ಮೊಬೈಲ್ ಕೆಳಗಿಡ್ತಾವೆ.

ಇಂಜಿನ್ ಇಲ್ದಿದ್ರೆ ಜನ ಬರೋದಿಲ್ಲ ಅಂತೀರಿ. ರಂಗನತಿಟ್ಟಿಗೆ ಬರೋದಿಲ್ವಾ? ಅಲ್ಲಿ ಹುಟ್ಟು ಹಾಕೋ ದೋಣೀಲೇ ಕರ್ಕೊಂಡು ಹೋಗ್ತಾರೆ, ಮೊಸಳೆ ಪಕ್ಕದಲ್ಲೇ, ಜನ ಕ್ಯೂ ನಿಲ್ತಾರೆ. ನಮ್ಮ ಅಳಿವೆ ಅಗಲ ಜಾಸ್ತಿ, ಸೆಳೆತ ಉಂಟು, ಒಪ್ತೇನೆ, ದೊಡ್ಡ ಕಾಲುವೆ ದಾಟೋವರೆಗೆ ಇಂಜಿನ್ ಇರಲಿ. ದಿಬ್ಬ ಕಂಡ ಮೇಲೆ ಆಫ್. ಅಲ್ಲಿಂದ ಗಳ.

ಚೀಟಿ ಬಂತು. ಐದು ನಿಮಿಷ ಅಂತೆ. ನಾನು ಇನ್ನೂ ಏಳು ವಿಷಯ ಬರ್ಕೊಂಡಿದ್ದೆ, ಬೇಗ ಬೇಗ ಹೇಳ್ತೇನೆ.

ಲೈಫ್ ಜಾಕೆಟ್, ಇದರಲ್ಲಿ ಚರ್ಚೆ ಇಲ್ಲ, ಎಲ್ಲರಿಗೂ. ಸ್ಪೀಕರ್, ಹಾಡು, ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು, ಮೂರೂ ಬೇಡ. ಡ್ರೋನ್ ಅಂತೂ ಬೇಡವೇ ಬೇಡ, ಅವಕ್ಕೆ ಅದು ಗಿಡುಗ. ಕಡಲ ಹದ್ದಿನ ಗೂಡು ಎಲ್ಲಿ ಅಂತ ಗೊತ್ತಿರೋರು ಫೋಟೋಗ್ರಾಫರ್‌ಗಳಿಗೆ ಹೇಳ್ಬೇಡಿ, ಎಷ್ಟು ದುಡ್ಡು ಕೊಟ್ರೂ. ಅಳಿವೆ ಅಂಚಿನ ಗಜನಿ ಗದ್ದೆ, ಉಪ್ಪುನೀರು ತಡೆಯೋ ಕಗ್ಗ ಭತ್ತ, ಅದನ್ನ ಬೆಳೆಯೋ ಮಾಣಿಕಟ್ಟ ಊರಿನ ವಿಷಯ ಅರ್ಧ ಗಂಟೆ ಮಾತಾಡೋದಿತ್ತು, ಹೋಗಲಿ, ಇಷ್ಟು ಹೇಳ್ತೇನೆ, ಕಗ್ಗದ ಗದ್ದೇನೂ ಹಕ್ಕಿಗೆ ಬೇಕು, ಟ್ರಿಪ್ಪಿಗೆ ಬಂದವರಿಗೆ ಮಧ್ಯಾಹ್ನ ಕಗ್ಗದ ಅನ್ನ ಹಾಕಿ, ಆ ದುಡ್ಡು ಗದ್ದೆಯವರಿಗೆ ಹೋಗಲಿ.

ಕಾಲೇಜು ಮಕ್ಕಳಿಗೆ, ನಿಮಗೆ ಹೆಸರು ಗೊತ್ತು, ಅವರಿಗೆ ಜಾಗ ಗೊತ್ತು. ಭಾನುವಾರ ಭಾನುವಾರ ಒಂದು ದೋಣಿಗೆ ಇಬ್ಬರಂತೆ ಕೂತ್ಕೊಳ್ಳಿ, ಎಣಿಸಿ, ಹಕ್ಕಿ ಲೆಕ್ಕ ದಾಖಲಿಸೋ ಇ-ಬರ್ಡ್ ವೆಬ್‌ಸೈಟಿಗೆ ಹಾಕಿ, ಆದ್ರೆ ಗೈಡ್ ಅಂತ ಬ್ಯಾಡ್ಜ್ ಇರೋದು ದೋಣಿಯವರ ಅಂಗಿ ಮೇಲೆ ಇರಲಿ. ಹೊರಗಿಂದ ಟೋಪಿ ಹಾಕಿದ ಗೈಡ್ ಬಂದು ಮಾತಾಡೋದು, ಇವರು ಡ್ರೈವರ್ ಥರ ಹಿಂದೆ ನಿಲ್ಲೋದು, ಅದು ಬೇಡ. ಪಂಚಾಯ್ತಿಯವರು ಇಲ್ಲೇ ಇದ್ದಾರೆ, ರೇಟ್ ಬೋರ್ಡ್ ಬರೆಸೋವಾಗ "ರೌಂಡ್" ಅನ್ನೋ ಶಬ್ದ ಇದ್ರೆ ನಾನೇ ಬಂದು ಬಣ್ಣ ಬಳೀತೇನೆ, ಕೇಸ್ ಹಾಕಿ ಬೇಕಾದ್ರೆ.

ನಾಳೆ ಬೆಳಿಗ್ಗೆ ಟ್ರಯಲ್ ಟ್ರಿಪ್ ಉಂಟು. ಬಿಳಿ, ಕೆಂಪು ಅಂಗಿ ಬೇಡ, ಮಾಸಲು ಬಣ್ಣದ್ದು ಹಾಕ್ಕೊಂಡು ಬನ್ನಿ. ಎಷ್ಟೊತ್ತಿಗೆ ಅಂತ ನನ್ನ ಕೇಳ್ಬೇಡಿ, ಮುಂದಿನ ಸಾಲಲ್ಲಿ ಕೂತವರನ್ನ ಕೇಳಿ, ನೀರು ನೋಡಿ ಅವರು ಹೇಳ್ತಾರೆ. ಒಂದು ದೋಣಿಗೆ ಆರೇ ಜನ, ಹೆಸರು ಕೊಡೋರು ಊಟಕ್ಕೆ ಹೋಗೋ ಮುಂಚೆ ಬಾಗಿಲ ಹತ್ರ ಬರೆಸಿ.